ಫ್ರಾಂಕೊ ಸತ್ತು 50 ವರ್ಷವಾದರೂ ಸ್ಪೇನ್‌ನಲ್ಲಿ ಮುಗಿಯದ ಜಗಳ ಯಾವುದು?

ಒಂದು ದೇಶದ ಪ್ರಜಾಪ್ರಭುತ್ವಕ್ಕೆ ಹುಟ್ಟುಹಬ್ಬ ಯಾವತ್ತು? ಸ್ಪೇನ್‌ನಲ್ಲಿ ಈ ಪ್ರಶ್ನೆ ಕೇಳಿದರೆ ಒಂದೇ ಮನೆಯಲ್ಲಿ ಮೂರು ಉತ್ತರ ಸಿಗಬಹುದು. 2025ರ ನವೆಂಬರ್ 20ಕ್ಕೆ ಅಲ್ಲಿನ ಸರ್ವಾಧಿಕಾರಿ ಫ್ರಾನ್ಸಿಸ್ಕೊ ಫ್ರಾಂಕೊ ಸತ್ತು ಸರಿಯಾಗಿ 50 ವರ್ಷ ತುಂಬಿತು. ಪ್ರಧಾನಿ ಪೆದ್ರೊ ಸಾಂಚೆಸ್ ಅವರ ಸರ್ಕಾರ ಇದನ್ನು ಸ್ವಾತಂತ್ರ್ಯದ 50 ವರ್ಷ ಎಂದು ಕರೆದು ಕಾರ್ಯಕ್ರಮಗಳನ್ನು ಹಮ್ಮಿಕೊಂಡಿತು. ದೊಡ್ಡ ವಿರೋಧ ಪಕ್ಷವಾದ ಪೀಪಲ್ಸ್ ಪಾರ್ಟಿ ದೂರ ಉಳಿಯಿತು. 1975ರಲ್ಲಿ ಆದದ್ದು ಒಬ್ಬ ವ್ಯಕ್ತಿಯ ಸಾವು ಅಷ್ಟೇ, ಜನ ಓಟು ಹಾಕಿದ್ದು 1977ರಲ್ಲಿ, ಸಂವಿಧಾನ ಬಂದದ್ದು 1978ರಲ್ಲಿ, ಹಾಗಿರುವಾಗ ಸಾವಿನ ದಿನವನ್ನು ಯಾಕೆ ಹಿಡಿದುಕೊಳ್ಳಬೇಕು ಎಂಬುದು ಆ ಕಡೆಯ ವಾದ. ಎಡಪಂಥದವರಲ್ಲೂ ಕೆಲವರಿಗೆ ಇದು ಹಿಡಿಸಲಿಲ್ಲ. ಆತ ಅಧಿಕಾರದಲ್ಲಿದ್ದೇ ಆಸ್ಪತ್ರೆಯ ಹಾಸಿಗೆಯಲ್ಲಿ ಸತ್ತ, ಯಾರೂ ಇಳಿಸಲಿಲ್ಲ, ಇದರಲ್ಲಿ ಹಬ್ಬ ಮಾಡುವಂಥದ್ದು ಏನಿದೆ ಎಂದು ಅವರು ಕೇಳಿದರು.

ತಾರೀಖಿನ ಜಗಳ ಸಣ್ಣದು ಅನ್ನಿಸಬಹುದು. ಆದರೆ ಅದರ ಕೆಳಗೆ ಒಂದು ದೊಡ್ಡ ಪ್ರಶ್ನೆ ಇದೆ. ಸರ್ವಾಧಿಕಾರದಿಂದ ಹೊರಗೆ ಬರುವಾಗ ಸ್ಪೇನ್ ಜನ ಒಂದು ರಾಜಿ ಮಾಡಿಕೊಂಡರು. ಆ ರಾಜಿಗೆ ಬೆಲೆ ತೆತ್ತವರು ಯಾರು? ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ನಡೆದದ್ದು ಏನು

1931ರಲ್ಲಿ ಸ್ಪೇನ್ ಗಣರಾಜ್ಯವಾಯಿತು, ರಾಜ ದೇಶ ಬಿಟ್ಟ. 1936ರ ಜುಲೈನಲ್ಲಿ ಸೇನೆಯ ಒಂದು ಭಾಗ ಚುನಾಯಿತ ಸರ್ಕಾರದ ವಿರುದ್ಧ ದಂಗೆ ಎದ್ದಿತು. ದಂಗೆ ಅಂತರ್ಯುದ್ಧವಾಯಿತು. ಮೂರು ವರ್ಷ ಅಣ್ಣ ತಮ್ಮಂದಿರೇ ಎದುರು ಬದುರು ನಿಂತು ಹೊಡೆದಾಡಿದರು. 1939ರ ಏಪ್ರಿಲ್ 1ರಂದು ಫ್ರಾಂಕೊ ಗೆದ್ದ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರಣರಂಗದ ಹೊರಗೆ, ಊರುಗಳಲ್ಲಿ, ರಸ್ತೆ ಬದಿಯಲ್ಲಿ, ಸ್ಮಶಾನದ ಗೋಡೆಗೆ ನಿಲ್ಲಿಸಿ ಜನರನ್ನು ಕೊಂದದ್ದು ಎರಡೂ ಕಡೆಯವರು. ಗಣರಾಜ್ಯದ ಕಡೆಯವರ ಕೈಯಲ್ಲಿ ಸುಮಾರು 50,000 ಜನ ಹೀಗೆ ಸತ್ತರು, ಅವರಲ್ಲಿ ಸಾವಿರಾರು ಪಾದ್ರಿಗಳು ಮತ್ತು ಸನ್ಯಾಸಿನಿಯರು. ಫ್ರಾಂಕೊ ಕಡೆಯವರ ಕೈಯಲ್ಲಿ ಸತ್ತವರು ಒಂದು ಲಕ್ಷಕ್ಕಿಂತ ಜಾಸ್ತಿ, ಯುದ್ಧ ಮುಗಿದ ಮೇಲೂ ಕೊಲ್ಲುವುದು ನಿಲ್ಲಲಿಲ್ಲ. ಆದರೆ ಗೆದ್ದವರು ತಮ್ಮ ಕಡೆಯ ಹೆಣಗಳನ್ನು ಗುಂಡಿಯಿಂದ ತೆಗೆದು, ಹೆಸರು ಹಿಡಿದು, ಚರ್ಚಿನಲ್ಲಿ ಪೂಜೆ ಮಾಡಿಸಿ, ಗೋಡೆಯ ಮೇಲೆ ಹೆಸರು ಕೆತ್ತಿಸಿದರು. ಸೋತವರ ಹೆಣಗಳು ಗುಂಡಿಯಲ್ಲೇ ಉಳಿದವು. ಆ ಮನೆಗಳ ಹೆಂಗಸರು ಎಷ್ಟೋ ಕಡೆ ಬಾಗಿಲು ಹಾಕಿಕೊಂಡು ಅಳಬೇಕಾಯಿತು. ಗುಂಡಿ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವಂತಿಲ್ಲ.

ಫ್ರಾಂಕೊ 36 ವರ್ಷ ಆಳಿದ. 1969ರಲ್ಲಿ ಹಳೆಯ ರಾಜಮನೆತನದ ಹುವಾನ್ ಕಾರ್ಲೋಸ್‌ನನ್ನು ತನ್ನ ಉತ್ತರಾಧಿಕಾರಿ ಎಂದು ಘೋಷಿಸಿದ. ತನ್ನ ನಂತರವೂ ಎಲ್ಲ ಭದ್ರವಾಗಿ ಕಟ್ಟಿಟ್ಟಿದೆ ಎಂಬ ನಂಬಿಕೆ ಅವನದು. ಸಾಯುವುದಕ್ಕೆ ಎರಡು ತಿಂಗಳ ಮುಂಚೆಯೂ, 1975ರ ಸೆಪ್ಟೆಂಬರ್ 27ರಂದು, ಐದು ಜನರಿಗೆ ಮರಣದಂಡನೆ ಆಯಿತು.

ಮನೆ ಕೆಡವದೆ ಕಂಬ ಬದಲಿಸಿದ್ದು

ಈಗ ಒಂದು ಪದ. ಸ್ಪೇನ್ ಜನ ಸುಮ್ನೆ 'ಟ್ರಾನ್ಸಿಸಿಯೋನ್' ಅಂತಾರೆ. ಪರಿವರ್ತನೆ ಎಂದು ಅರ್ಥ. ಬೇರೆ ಯಾವ ಪರಿವರ್ತನೆ ಎಂದು ಯಾರೂ ಕೇಳುವುದಿಲ್ಲ. 1975ರಿಂದ ಕೆಲವರ ಪ್ರಕಾರ 1978ರವರೆಗೆ, ಇನ್ನು ಕೆಲವರ ಪ್ರಕಾರ 1982ರವರೆಗೆ ನಡೆದ ಬದಲಾವಣೆಗೆ ಅದು ಹೆಸರು.

ಹಳೆಯ ತೊಟ್ಟಿಮನೆಯೊಂದು ಗೆದ್ದಲು ಹಿಡಿದಿದೆ ಎಂದುಕೊಳ್ಳಿ. ಎರಡು ದಾರಿ. ಪೂರ್ತಿ ಕೆಡವಿ ಹೊಸದು ಕಟ್ಟಬಹುದು. ಇಲ್ಲವೇ ಒಳಗೆ ವಾಸ ಮಾಡುತ್ತಲೇ ಒಂದೊಂದೇ ಕಂಬ ಬದಲಿಸಬಹುದು. ಪಕ್ಕದ ಪೋರ್ಚುಗಲ್‌ನಲ್ಲಿ 1974ರ ಏಪ್ರಿಲ್ 25ರಂದು ಸೈನಿಕರೇ ದಂಗೆ ಎದ್ದು ಸರ್ವಾಧಿಕಾರವನ್ನು ಒಂದೇ ದಿನದಲ್ಲಿ ಉರುಳಿಸಿದರು. ಅದು ಕೆಡವುವ ದಾರಿ. ಸ್ಪೇನ್‌ನದು ಕಂಬ ಬದಲಿಸುವ ದಾರಿ. ಅಲ್ಲಿನ ವಿರೋಧ ಪಕ್ಷಗಳೂ ಮೊದಲು ಕೆಡವಬೇಕು ಅಂತಲೇ ಹೇಳುತ್ತಿದ್ದವು. ಆದರೆ ಸೇನೆ, ಪೊಲೀಸು, ನ್ಯಾಯಾಲಯ ಎಲ್ಲವೂ ಫ್ರಾಂಕೊ ಕಾಲದವರ ಕೈಯಲ್ಲಿದ್ದವು. ಮುಷ್ಕರ ಮಾಡಿ ಬೀದಿ ತುಂಬಿಸುವ ಶಕ್ತಿ ವಿರೋಧಿಗಳಿಗಿತ್ತು, ಆಡಳಿತವನ್ನು ಕೆಳಗಿಳಿಸುವ ಶಕ್ತಿ ಇರಲಿಲ್ಲ. ಆಡಳಿತಕ್ಕೂ ಬೀದಿಯನ್ನು ಸುಮ್ಮನಾಗಿಸುವ ಶಕ್ತಿ ಉಳಿದಿರಲಿಲ್ಲ. ಹೀಗೆ ಇಬ್ಬರಿಗೂ ಮಾತುಕತೆ ಬೇಕಾಯಿತು.

1976ರ ಜುಲೈನಲ್ಲಿ ರಾಜ ಹುವಾನ್ ಕಾರ್ಲೋಸ್ ಪ್ರಧಾನಿಯಾಗಿ ಆರಿಸಿದ್ದು ಅದೋಲ್ಫೊ ಸುವಾರೆಸ್ ಎಂಬ 43 ವರ್ಷದವರನ್ನು. ಅವರು ಫ್ರಾಂಕೊ ಪಕ್ಷದೊಳಗೇ ಬೆಳೆದು ಬಂದವರು, ಹಾಗಾಗಿ ಬದಲಾವಣೆ ಬೇಕೆಂದಿದ್ದವರಿಗೆ ನಿರಾಸೆಯಾಯಿತು. ಆದರೆ ನಾಲ್ಕೇ ತಿಂಗಳಲ್ಲಿ ಅವರು ಫ್ರಾಂಕೊ ಕಾಲದ ಸಂಸತ್ತಿನ ಮುಂದೆ ಒಂದು ಮಸೂದೆ ಇಟ್ಟರು. ಸಾರ ಇಷ್ಟೇ: ಇನ್ನು ಮುಂದೆ ಸಂಸತ್ತನ್ನು ಜನ ಓಟು ಹಾಕಿ ಆರಿಸಲಿ. ಅಂದರೆ ಆ ಸಂಸತ್ತು ತನ್ನನ್ನು ತಾನೇ ಮುಗಿಸಿಕೊಳ್ಳಬೇಕು! 425 ಸದಸ್ಯರು ಹೂಂ ಅಂದರು, 59 ಮಂದಿ ಬೇಡ ಅಂದರು. ಡಿಸೆಂಬರ್‌ನಲ್ಲಿ ಜನಮತಗಣನೆಯೂ ಆಯಿತು. ಹಳೆಯ ಕಾನೂನಿನ ಏಣಿಯನ್ನೇ ಹತ್ತಿ ಹೊಸ ಕಾನೂನಿಗೆ ಹೋಗುವುದು ಇಲ್ಲಿನ ಉಪಾಯ. ಎಲ್ಲೂ ಕಾನೂನು ಮುರಿದಂತೆ ಕಾಣಬಾರದು, ಇಲ್ಲದಿದ್ದರೆ ಸೇನೆ ಎದ್ದು ನಿಲ್ಲುತ್ತದೆ.

ಇದೆಲ್ಲ ಮಾತುಕತೆಯ ಮೇಜಿನ ಮೇಲೆ ಶಾಂತಿಯಿಂದ ನಡೆಯಿತು ಎಂಬ ಚಿತ್ರ ಬಹಳ ಕಾಲ ಚಾಲ್ತಿಯಲ್ಲಿತ್ತು. ಅದು ಪೂರ್ತಿ ನಿಜವಲ್ಲ. 1976ರ ಮಾರ್ಚ್ 3ರಂದು ವಿತೋರಿಯಾ ನಗರದಲ್ಲಿ ಮುಷ್ಕರ ನಿರತ ಕಾರ್ಮಿಕರು ಚರ್ಚಿನೊಳಗೆ ಸಭೆ ಸೇರಿದ್ದಾಗ ಪೊಲೀಸರು ಅಶ್ರುವಾಯು ಬಿಟ್ಟು, ಹೊರಗೆ ಓಡಿಬಂದವರ ಮೇಲೆ ಗುಂಡು ಹಾರಿಸಿದರು. ಐವರು ಸತ್ತರು. 1977ರ ಜನವರಿ 24ರಂದು ಮ್ಯಾಡ್ರಿಡ್‌ನ ಅತೋಚಾ ಬೀದಿಯಲ್ಲಿ ಕಾರ್ಮಿಕರ ಪರ ವಕೀಲರ ಕಚೇರಿಗೆ ಬಲಪಂಥೀಯ ಬಂದೂಕುಧಾರಿಗಳು ನುಗ್ಗಿ ಐವರನ್ನು ಕೊಂದರು. ಇನ್ನೊಂದು ಕಡೆ ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಇಟಿಎ ಪೊಲೀಸರನ್ನು, ಸೇನಾಧಿಕಾರಿಗಳನ್ನು, ಸಾಮಾನ್ಯರನ್ನು ಕೊಲ್ಲುತ್ತಲೇ ಇತ್ತು. ಅತೋಚಾದಲ್ಲಿ ಸತ್ತವರ ಅಂತ್ಯಯಾತ್ರೆಯಲ್ಲಿ ಆಗಿನ್ನೂ ನಿಷೇಧದಲ್ಲಿದ್ದ ಕಮ್ಯುನಿಸ್ಟ್ ಪಕ್ಷದವರು ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿ, ಒಂದು ಕಲ್ಲೂ ಎಸೆಯದೆ, ಮೌನವಾಗಿ ನಡೆದರು. ಆ ಮೌನ ದೇಶದ ಮನಸ್ಸನ್ನೇ ತಿರುಗಿಸಿತು ಎಂದು ಬಹಳ ಜನ ಹೇಳುತ್ತಾರೆ. ಎರಡೂವರೆ ತಿಂಗಳಲ್ಲಿ, ಈಸ್ಟರ್ ರಜೆಯಲ್ಲಿ ಊರೆಲ್ಲ ಖಾಲಿ ಇದ್ದ ಶನಿವಾರ, ಏಪ್ರಿಲ್ 9ರಂದು ಸುವಾರೆಸ್ ಆ ಪಕ್ಷದ ಮೇಲಿನ ನಿಷೇಧ ತೆಗೆದರು. ನೌಕಾ ಮಂತ್ರಿ ಸಿಟ್ಟಾಗಿ ರಾಜೀನಾಮೆ ಕೊಟ್ಟರು. ಜೂನ್ 15ಕ್ಕೆ 41 ವರ್ಷಗಳ ನಂತರದ ಮೊದಲ ಮುಕ್ತ ಚುನಾವಣೆ ನಡೆಯಿತು.

ಕ್ಷಮೆ ಕೇಳಿದವರು ಯಾರು, ಸಿಕ್ಕಿದ್ದು ಯಾರಿಗೆ

ಇಡೀ ಜಗಳದ ಗಂಟು ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಅಮ್ನೆಸ್ಟಿ ಅಂದರೆ ಸಾಮೂಹಿಕ ಕ್ಷಮಾದಾನ. ಒಬ್ಬ ಕೈದಿಯ ಶಿಕ್ಷೆ ಕಡಿಮೆ ಮಾಡುವುದಕ್ಕಿಂತ ಇದು ಬೇರೆ. ಇಲ್ಲಿ ಆ ಬಗೆಯ ಅಪರಾಧವನ್ನೇ ಅಳಿಸಿಬಿಡುತ್ತಾರೆ, ವಿಚಾರಣೆಯೇ ನಡೆಯುವಂತಿಲ್ಲ.

ಸ್ಪೇನ್‌ನಲ್ಲಿ 1977ರಲ್ಲಿ ಇಂಥ ಒಂದು ಕಾನೂನು ಬಂತು. ಈಗ ಕೇಳಿದರೆ ಬಹಳ ಜನ ಇದು ಫ್ರಾಂಕೊ ಕಡೆಯವರು ತಮ್ಮನ್ನು ಉಳಿಸಿಕೊಳ್ಳಲು ಮಾಡಿದ ಕಾನೂನು ಎಂದುಕೊಳ್ಳುತ್ತಾರೆ. ಚಿಲಿಯಲ್ಲಿ 1978ರಲ್ಲಿ ಅಲ್ಲಿನ ಸರ್ವಾಧಿಕಾರಿ ಪಿನೊಚೆ ಹಾಗೆಯೇ ಮಾಡಿದ್ದು ಹೌದು. ಸ್ಪೇನ್‌ನಲ್ಲಿ ಆದದ್ದು ಬೇರೆ. ಅಲ್ಲಿ ಅಮ್ನೆಸ್ಟಿ ಬೇಕೆಂದು ಬೀದಿಗೆ ಇಳಿದವರು ಸರ್ವಾಧಿಕಾರದ ವಿರೋಧಿಗಳೇ. ಬಾರ್ಸಿಲೋನಾದ ಮೆರವಣಿಗೆಗಳಲ್ಲಿ ಕೂಗುತ್ತಿದ್ದದ್ದು ಮೂರು ಬೇಡಿಕೆ: ಸ್ವಾತಂತ್ರ್ಯ, ಅಮ್ನೆಸ್ಟಿ, ಕ್ಯಾಟಲೋನಿಯಾಕ್ಕೆ ಸ್ವಾಯತ್ತ ಆಡಳಿತ. ಯಾಕೆಂದರೆ ಜೈಲಿನಲ್ಲಿದ್ದವರು ಅವರ ಮಕ್ಕಳು, ಅವರ ಗೆಳೆಯರು, ಅವರ ಕಾರ್ಮಿಕ ನಾಯಕರು. ಅವರನ್ನು ಮನೆಗೆ ತರಬೇಕಿತ್ತು.

1977ರ ಅಕ್ಟೋಬರ್ 14ರಂದು ಹೊಸದಾಗಿ ಆಯ್ಕೆಯಾದ ಸಂಸತ್ತು ಅಮ್ನೆಸ್ಟಿ ಕಾನೂನನ್ನು ಭಾರೀ ಬಹುಮತದಿಂದ ಒಪ್ಪಿತು. ಕಮ್ಯುನಿಸ್ಟ್ ಪಕ್ಷದ ಪರವಾಗಿ ಮಾತಾಡಿದವರು ಮಾರ್ಸೆಲಿನೊ ಕಮಾಚೊ. ಫ್ರಾಂಕೊ ಕಾಲದಲ್ಲಿ ವರ್ಷಗಟ್ಟಲೆ ಜೈಲು ಕಂಡ ಕಾರ್ಮಿಕ ನಾಯಕ. ನಾವು ಸತ್ತವರನ್ನೂ ದ್ವೇಷವನ್ನೂ ಮಣ್ಣು ಮಾಡಿದ್ದೇವೆ ಎಂಬ ಅರ್ಥದ ಮಾತು ಅವರು ಆಡಿದರು. ಕಾನೂನಿಗೆ ಓಟು ಹಾಕದೆ ತಟಸ್ಥರಾಗಿ ಕೂತವರು ಫ್ರಾಂಕೊ ಕಾಲದ ಹಳೆಯ ಮಂತ್ರಿಗಳಿದ್ದ ಬಲಪಂಥದ ಪಕ್ಷದವರು.

ಆದರೆ ಆ ಕಾನೂನಿನ ಎರಡನೇ ವಿಧಿಯಲ್ಲಿ ಎರಡು ಸಾಲು ಸೇರಿದ್ದವು. ರಾಜಕೀಯ ಕೃತ್ಯಗಳನ್ನು ತನಿಖೆ ಮಾಡುವಾಗ, ಹತ್ತಿಕ್ಕುವಾಗ ಅಧಿಕಾರಿಗಳು ಮತ್ತು ಪೊಲೀಸರು ಮಾಡಿದ ಅಪರಾಧಗಳಿಗೂ ಕ್ಷಮೆ. ಜನರ ಹಕ್ಕುಗಳ ಮೇಲೆ ಅಧಿಕಾರಿಗಳು ಎಸಗಿದ ಅಪರಾಧಗಳಿಗೂ ಕ್ಷಮೆ. ಅಂದರೆ ಕರಪತ್ರ ಹಂಚಿ ಒದೆ ತಿಂದವನಿಗೂ ಕ್ಷಮೆ, ಒದ್ದವನಿಗೂ ಕ್ಷಮೆ. ಆವತ್ತು ಆ ಎರಡು ಸಾಲಿನ ಬಗ್ಗೆ ದೊಡ್ಡ ಗಲಾಟೆ ಆಗಲಿಲ್ಲ. ಎಲ್ಲರ ಕಣ್ಣೂ ಜೈಲಿನ ಬಾಗಿಲ ಮೇಲಿತ್ತು.

ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಕಾಡುವುದು ಇದೇ. ಹಳ್ಳಿಯ ಪಂಚಾಯಿತಿಯಲ್ಲಿ ಹಿರಿಯರು ಇಬ್ಬರ ಕೈಯನ್ನೂ ಹಿಡಿದು 'ಆಗಿದ್ದು ಆಗಿಹೋಯಿತು' ಅಂತಾರಲ್ಲ, ಹಾಗೆ. ಜಗಳ ನಿಲ್ಲುತ್ತದೆ, ಅದೇನೂ ಸಣ್ಣ ವಿಷಯವಲ್ಲ. ಆದರೆ ಒಬ್ಬನ ತಂದೆಯ ಹೆಣ ಇನ್ನೂ ಮತ್ತೊಬ್ಬನ ಹೊಲದ ಬದುವಿನಲ್ಲಿದ್ದರೆ? ಆ ಮಾತು ಇಬ್ಬರಿಗೂ ಒಂದೇ ತೂಕದ್ದಾಗಲು ಸಾಧ್ಯವಿಲ್ಲ ಅಲ್ವಾ?

ಯಾರೂ ಸಹಿ ಹಾಕದ ಒಪ್ಪಂದ

ಸ್ಪೇನ್ ಬಗ್ಗೆ ಓದುವಾಗ 'ಮರೆವಿನ ಒಪ್ಪಂದ' ಎಂಬ ಮಾತು ಪದೇ ಪದೇ ಬರುತ್ತದೆ. ಅಂಥ ಕಾಗದ ಯಾವುದೂ ಇಲ್ಲ. ಅಮ್ನೆಸ್ಟಿ ಕಾನೂನು ಇದೆ, ಅದು ಶಿಕ್ಷೆಯ ವಿಷಯ. ಮರೆವು ಎಂದು ಕರೆಯುವುದು ಅದರ ಸುತ್ತ ಬೆಳೆದ ರಾಜಕೀಯ ರೂಢಿಯನ್ನು. ಪಕ್ಷಗಳು ಹಳೆಯ ಯುದ್ಧವನ್ನು ಚುನಾವಣೆಯ ಆಯುಧ ಮಾಡಿಕೊಳ್ಳಬಾರದು ಎಂದು ಮನಸ್ಸಿನಲ್ಲೇ ಒಪ್ಪಿಕೊಂಡವು. ಅರ್ಜೆಂಟೀನಾ ಸೇನಾಡಳಿತ ಮುಗಿದ ಕೂಡಲೇ, 1983ರಲ್ಲೇ, ಕಾಣೆಯಾದವರ ಬಗ್ಗೆ ಸತ್ಯಶೋಧನೆಗೆ ಆಯೋಗ ರಚಿಸಿತು. ಸ್ಪೇನ್ ಅಂಥದ್ದನ್ನು ಮಾಡಲಿಲ್ಲ.

ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಮರೆವು ಎಲ್ಲಿತ್ತು, ಪುಸ್ತಕಗಳು ಬಂದವು, ಸಿನಿಮಾ ಬಂದವು, ಪತ್ರಿಕೆಗಳಲ್ಲಿ ಚರ್ಚೆಯಾಯಿತು, ಜನ ನೆನಪಿದ್ದೂ ಬೇಕೆಂದೇ ಆ ನೆನಪನ್ನು ಸಂಸತ್ತಿನಿಂದ ಹೊರಗಿಟ್ಟರು ಎನ್ನುತ್ತಾರೆ ಅವರು. ಮತ್ತೆ ಹಾಗಾಗಬಾರದು ಎಂಬ ಭಯವೂ ನಿಜವಾದದ್ದೇ. 1981ರ ಫೆಬ್ರವರಿ 23ರ ಸಂಜೆ ಅದು ಕಣ್ಣೆದುರಿಗೇ ಬಂತು. ಲೆಫ್ಟಿನೆಂಟ್ ಕರ್ನಲ್ ಆಂತೋನಿಯೊ ತೆಹೇರೊ ಪಿಸ್ತೂಲು ಹಿಡಿದು ಸಂಸತ್ತಿಗೆ ನುಗ್ಗಿದ, ಅವನ ಜೊತೆಗಿದ್ದವರು ಚಾವಣಿಗೆ ಗುಂಡು ಹಾರಿಸಿದರು, ವೆಲೆನ್ಸಿಯಾದ ಬೀದಿಗೆ ಟ್ಯಾಂಕ್‌ಗಳು ಇಳಿದವು. ಬಹುತೇಕ ಎಲ್ಲರೂ ಬೆಂಚಿನ ಕೆಳಗೆ ಬಗ್ಗಿದಾಗ ಬಗ್ಗದೆ ಉಳಿದವರು ಮೂವರು: ಸುವಾರೆಸ್, ಅವರ ಉಪಪ್ರಧಾನಿಯಾಗಿದ್ದ ಜನರಲ್ ಗುತಿಯೆರೆಸ್ ಮೆಯಾದೊ, ಕಮ್ಯುನಿಸ್ಟ್ ನಾಯಕ ಸಾಂತಿಯಾಗೊ ಕರಿಯೊ. ಮೂವರಲ್ಲಿ ಇಬ್ಬರು ಹಳೆಯ ಆಡಳಿತದ ಮಡಿಲಿನಿಂದ ಬಂದವರು, ಒಬ್ಬರು ಅದರ ಕಡುವೈರಿ. ಮಧ್ಯರಾತ್ರಿ ಕಳೆದು ಒಂದು ಗಂಟೆಯ ಮೇಲೆ ರಾಜ ಸೇನಾ ಸಮವಸ್ತ್ರದಲ್ಲಿ ಟಿವಿಗೆ ಬಂದು ಸಂವಿಧಾನದ ಪರ ನಿಂತ. ದಂಗೆ ಮುರಿಯಿತು. ಆ ಗುಂಡಿನ ತೂತುಗಳನ್ನು ಚಾವಣಿಯಲ್ಲಿ ಇವತ್ತಿಗೂ ಹಾಗೇ ಬಿಟ್ಟಿದ್ದಾರೆ. ಈಗ ಕೂತು 1977ರಲ್ಲಿ ಇನ್ನೂ ಧೈರ್ಯ ಮಾಡಬೇಕಿತ್ತು ಎನ್ನುವವರು ಆ ತೂತುಗಳನ್ನು ಒಮ್ಮೆ ನೋಡಬೇಕು ಎಂಬುದು ರಾಜಿಯ ಪರ ಇರುವವರ ಮಾತು. ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಮೊಮ್ಮಕ್ಕಳು ಗುದ್ದಲಿ ಹಿಡಿದರು

ಹಾಗಾದರೆ 25 ವರ್ಷ ಸುಮ್ಮನಿದ್ದದ್ದು ಮತ್ತೆ ಎದ್ದದ್ದು ಯಾಕೆ? ತಲೆಮಾರು ಬದಲಾಯಿತು. ಯುದ್ಧ ಕಂಡವರಿಗೆ ಭಯ, ಅವರ ಮಕ್ಕಳಿಗೆ ಎಚ್ಚರ, ಮೊಮ್ಮಕ್ಕಳಿಗೆ ಬರೀ ಪ್ರಶ್ನೆ.

2000ದ ಅಕ್ಟೋಬರ್‌ನಲ್ಲಿ ಎಮಿಲಿಯೊ ಸಿಲ್ವ ಎಂಬ ಪತ್ರಕರ್ತ ಲಿಯೋನ್ ಪ್ರಾಂತ್ಯದ ಪ್ರಿಯಾರಾನ್ಸ ದೆಲ್ ಬಿಯೆರ್ಸೊ ಎಂಬ ಊರಿನ ರಸ್ತೆ ಬದಿಯಲ್ಲಿ ನೆಲ ಅಗೆಸಿದರು. 1936ರಲ್ಲಿ ಗುಂಡಿಕ್ಕಿ ಹೂತ 13 ಜನರ ಎಲುಬು ಅಲ್ಲಿ ಸಿಕ್ಕಿತು. ಒಬ್ಬರು ಅವರ ಅಜ್ಜ. ಡಿಎನ್‌ಎ ಪರೀಕ್ಷೆಯಿಂದ ಗುರುತು ಹಿಡಿದು ಅಜ್ಜಿಯ ಪಕ್ಕದಲ್ಲಿ ಹೂತರು. ಸುದ್ದಿ ಹರಡುತ್ತಿದ್ದಂತೆ ದೇಶದ ಮೂಲೆ ಮೂಲೆಯಿಂದ ವಯಸ್ಸಾದವರು ನಮ್ಮಪ್ಪನೂ ಹೀಗೇ, ನಮ್ಮಣ್ಣನೂ ಹೀಗೇ ಎಂದು ಹೇಳಿಕೊಳ್ಳತೊಡಗಿದರು. ಸ್ವಯಂಸೇವಕರ ಸಂಘ ಹುಟ್ಟಿತು.

ಎಲುಬಿಗೆ ಯಾಕೆ ಇಷ್ಟು ಒದ್ದಾಟ ಎಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಸತ್ತವರ ತಿಥಿ ಗೊತ್ತಿಲ್ಲದೆ, ಎಡೆ ಇಡಲು ಜಾಗ ಗೊತ್ತಿಲ್ಲದೆ ಉಳಿದ ಮನೆಯ ಸಂಕಟ ನಮಗೂ ಗೊತ್ತಿರುವುದೇ.

ಕಾನೂನು, ಮೇಲಿಂದ ಮೇಲೆ

2007ರಲ್ಲಿ ಆಗಿನ ಪ್ರಧಾನಿ ಸಪಾತೇರೊ ಸರ್ಕಾರ ತಂದ ಕಾನೂನು ಗುಂಡಿ ಅಗೆಯುವವರಿಗೆ ನೆರವು ಕೊಡುತ್ತೇವೆ, ಫ್ರಾಂಕೊ ಹೆಸರಿನ ಫಲಕಗಳನ್ನು ತೆಗೆಯುತ್ತೇವೆ ಎಂದಿತು. ಹುಡುಕುವ ಹೊಣೆ ಮಾತ್ರ ಮನೆಯವರದೇ ಆಗಿ ಉಳಿಯಿತು. ನಂತರ ಬಂದ ಪೀಪಲ್ಸ್ ಪಾರ್ಟಿ ಸರ್ಕಾರ ಹಣ ನಿಲ್ಲಿಸಿತು. 2022ರ ಅಕ್ಟೋಬರ್‌ನ ಹೊಸ ಕಾನೂನು ಹುಡುಕುವುದು ಸರ್ಕಾರದ ಕೆಲಸ ಎಂದು ಬರೆಯಿತು. ಫ್ರಾಂಕೊ ಕಾಲದ ರಾಜಕೀಯ ತೀರ್ಪುಗಳನ್ನು ಅನೂರ್ಜಿತ ಎಂದಿತು.

ಮ್ಯಾಡ್ರಿಡ್ ಹತ್ತಿರದ ಬೆಟ್ಟದಲ್ಲಿ 150 ಮೀಟರ್ ಎತ್ತರದ ಶಿಲುಬೆಯ ಕೆಳಗೆ ಬಂಡೆ ಕೊರೆದು ಮಾಡಿದ ಚರ್ಚ್ ಇದೆ. 1940ರಿಂದ 1959ರವರೆಗೆ ಕಟ್ಟಿದ್ದು, ರಾಜಕೀಯ ಕೈದಿಗಳನ್ನೂ ದುಡಿಸಿಕೊಂಡು. ಒಳಗೆ 33,000ಕ್ಕೂ ಹೆಚ್ಚು ಜನರ ಅವಶೇಷಗಳಿವೆ, ಸೋತ ಕಡೆಯವರನ್ನೂ ಎಷ್ಟೋ ಸಲ ಮನೆಯವರಿಗೆ ಹೇಳದೆ ಕೇಳದೆ ತಂದು ತುಂಬಿದರು. ಅಲ್ಲೇ ಗೌರವದ ಜಾಗದಲ್ಲಿ, ಹೂವಿನ ಸಮೇತ, 44 ವರ್ಷ ಫ್ರಾಂಕೊ ಸಮಾಧಿ ಇತ್ತು. 2019ರ ಅಕ್ಟೋಬರ್ 24ರಂದು ಅದನ್ನು ತೆಗೆದು ಹೆಂಡತಿಯ ಸಮಾಧಿ ಇದ್ದ ಸ್ಮಶಾನಕ್ಕೆ ಸಾಗಿಸಿದರು. ಈಗ ಆ ಚರ್ಚ್ ಇರುವ ಕಣಿವೆಗೆ ಕ್ವೆಲ್ಗಾಮೂರೊಸ್ ಎಂಬ ಮೂಲ ಹೆಸರು ವಾಪಸ್ ಬಂದಿದೆ.

ಯಾರ ವಾದ ಏನು

ಪೀಪಲ್ಸ್ ಪಾರ್ಟಿ ಪ್ರಕಾರ 1978 ಒಂದು ಸಾಧನೆ. ಶತ್ರುಗಳು ಮೇಜಿನ ಸುತ್ತ ಕೂತು ಬರೆದ ಸಂವಿಧಾನ ಅದು. ಈಗಿನ ಸ್ಮರಣೆಯ ಕಾನೂನುಗಳು ಮುಚ್ಚಿದ ಗಾಯವನ್ನು ಕೆದಕುತ್ತವೆ. ಗಾಯ ಮುಚ್ಚಿದ್ದರೆ ತಾನೇ ಕೆದಕುವುದು, ಒಳಗೆ ಕೀವು ಇದೆ ಎನ್ನುತ್ತಾರೆ ಗುಂಡಿ ಹುಡುಕುವ ಮನೆಯವರು. 2019ರಲ್ಲಿ ರಾಷ್ಟ್ರೀಯ ಸಂಸತ್ತಿಗೆ ಬಂದ ಕಡು ಬಲಪಂಥದ ವೋಕ್ಸ್ ಪಕ್ಷ ಈ ಕಾನೂನುಗಳೇ ಬೇಡ ಎನ್ನುತ್ತದೆ. ಅದರ ಒತ್ತಡದಲ್ಲಿ 2024ರಲ್ಲಿ ಅರಗಾನ್‌ನಂಥ ಪ್ರಾಂತ್ಯಗಳು ತಮ್ಮ ಸ್ಥಳೀಯ ಸ್ಮರಣೆ ಕಾನೂನನ್ನೇ ರದ್ದು ಮಾಡಿದವು.

2011ರಲ್ಲಿ ನಿರುದ್ಯೋಗ ಮಿತಿಮೀರಿ ಯುವಕರು ಚೌಕಗಳಲ್ಲಿ ಬಿಡಾರ ಹೂಡಿದಾಗಿನಿಂದ ಇನ್ನೊಂದು ಮಾತು ಚಾಲ್ತಿಗೆ ಬಂತು: '78ರ ವ್ಯವಸ್ಥೆ'. ಭ್ರಷ್ಟಾಚಾರ, ರಾಜಮನೆತನ, ಎರಡೇ ದೊಡ್ಡ ಪಕ್ಷಗಳ ಹಿಡಿತ, ಎಲ್ಲದರ ಬೇರೂ ಆ ರಾಜಿಯಲ್ಲಿದೆ ಎಂಬುದು ಅದರ ಅರ್ಥ. 1981ರ ರಾತ್ರಿಯ ನಾಯಕನಾಗಿದ್ದ ಹುವಾನ್ ಕಾರ್ಲೋಸ್ 2014ರಲ್ಲಿ ಪಟ್ಟ ಬಿಟ್ಟು, ಹಣಕಾಸಿನ ಆರೋಪಗಳ ನಡುವೆ 2020ರಲ್ಲಿ ಅಬುಧಾಬಿಗೆ ಹೋದದ್ದು ಈ ಮಾತಿಗೆ ಇನ್ನಷ್ಟು ಬಲ ಕೊಟ್ಟಿತು. ಪರಿವರ್ತನೆಯನ್ನು ಗೌರವಿಸುತ್ತಲೇ ಅದು ಅರ್ಧಕ್ಕೆ ನಿಂತಿದೆ ಎನ್ನುವವರೂ ಬಹಳ. ಅವರಿಗೆ 1977ರವರ ಮೇಲೆ ಸಿಟ್ಟಿಲ್ಲ, ನಂತರದ ದಶಕಗಳಲ್ಲಿ ಭಯ ಹೋದ ಮೇಲೂ ಏನೂ ಮಾಡದವರ ಮೇಲೆ ಸಿಟ್ಟು. ನಾನು ಓದಿದಷ್ಟರಲ್ಲಿ ಈ ವ್ಯತ್ಯಾಸ ಮುಖ್ಯ ಅನ್ನಿಸಿತು, ಟಿವಿ ಚರ್ಚೆಗಳಲ್ಲಿ ಅದು ಕಳೆದುಹೋಗುತ್ತದೆ.

ಹತ್ತು ಸಾವಿರ ಕಿಲೋಮೀಟರ್ ಆಚೆಯ ಕೋರ್ಟು

1977ರ ಆ ಎರಡು ಸಾಲು ಇನ್ನೂ ಜಾರಿಯಲ್ಲಿವೆ. 1998ರಲ್ಲಿ ಲಂಡನ್‌ನಲ್ಲಿದ್ದ ಪಿನೊಚೆಯನ್ನು ಬಂಧಿಸುವಂತೆ ಮಾಡಿ ಜಗತ್ತಿಗೆಲ್ಲ ಪರಿಚಿತರಾದ ಸ್ಪೇನ್ ನ್ಯಾಯಾಧೀಶ ಬಾಲ್ತಸಾರ್ ಗಾರ್ಸೋನ್ 2008ರಲ್ಲಿ ತಮ್ಮದೇ ದೇಶದ ಕಡತ ತೆರೆದರು. ಅವರ ಪಟ್ಟಿಯಲ್ಲಿ ಕಾಣೆಯಾದವರು 1,14,226 ಜನ. ಅಮ್ನೆಸ್ಟಿ ಇರುವಾಗ ಇದನ್ನು ಕೈಗೆತ್ತಿಕೊಂಡದ್ದೇ ತಪ್ಪು ಎಂದು ಅವರ ಮೇಲೆಯೇ ಮೊಕದ್ದಮೆ ಬಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಖುಲಾಸೆ ಮಾಡಿತು, ಆದರೆ ಇಂಥ ವಿಚಾರಣೆ ನಡೆಸುವುದು ಕ್ರಿಮಿನಲ್ ಕೋರ್ಟಿನ ಕೆಲಸವಲ್ಲ ಎಂದೂ ಹೇಳಿತು. ಜೈಲಿನಲ್ಲಿ ಕೈದಿಗಳು ಮತ್ತು ವಕೀಲರ ಮಾತುಕತೆಯನ್ನು ಕದ್ದು ಕೇಳಿಸಿದ ಬೇರೊಂದು ಪ್ರಕರಣದಲ್ಲಿ ಅವರು ಹುದ್ದೆ ಕಳೆದುಕೊಂಡರು.

ಈ ಮೊಕದ್ದಮೆಯ ನಡುವೆಯೇ, 2010ರಲ್ಲಿ, ಸತ್ತವರ ಮನೆಯವರು ಅರ್ಜೆಂಟೀನಾದ ಕಡೆ ತಿರುಗಿದರು. ಮಾನವತೆಯ ವಿರುದ್ಧದ ಅಪರಾಧವನ್ನು ಯಾವ ದೇಶದ ಕೋರ್ಟೂ ವಿಚಾರಿಸಬಹುದು ಎಂಬ ತತ್ವವಿದೆ. ಪಿನೊಚೆಯ ವಿಷಯದಲ್ಲಿ ಸ್ಪೇನ್ ಬಳಸಿದ ಅದೇ ತತ್ವವನ್ನು ಬ್ಯೂನಸ್ ಐರಿಸ್‌ನ ನ್ಯಾಯಾಧೀಶೆ ಮರಿಯಾ ಸೆರ್ವೀನಿ ಸ್ಪೇನ್ ವಿಷಯದಲ್ಲಿ ಬಳಸಿದರು.

2013ರಲ್ಲಿ ಒಬ್ಬ ವೃದ್ಧೆ ತಮ್ಮ 88ನೇ ಹುಟ್ಟುಹಬ್ಬದ ಹೊತ್ತಿಗೆ ವಿಮಾನ ಹತ್ತಿ ಅಲ್ಲಿಗೆ ಸಾಕ್ಷಿ ಹೇಳಲು ಹೋದರು. ಅವರ ತಂದೆ ಕಾರ್ಮಿಕ ಸಂಘದವರು, 1939ರ ನವೆಂಬರ್‌ನಲ್ಲಿ ಗುಂಡಿಗೆ ಬಲಿಯಾದವರು. ನ್ಯಾಯಾಧೀಶೆ ಗುಂಡಿ ತೆಗೆಯಲು ಕೋರಿಕೆ ಕಳಿಸಿದರು. ಮೊದಲ ಸಲ ಅಗೆದಾಗ ಸಿಕ್ಕವರಲ್ಲಿ ಅವರ ತಂದೆ ಇರಲಿಲ್ಲ. ಎರಡನೇ ಸಲ ಸಿಕ್ಕರು. 2017ರ ಜುಲೈನಲ್ಲಿ ಮ್ಯಾಡ್ರಿಡ್‌ನಲ್ಲಿ ತಂದೆಯನ್ನು ಮಣ್ಣು ಮಾಡಿದ ಮಗಳಿಗೆ ಆಗ 91 ವರ್ಷ. ಎರಡು ವರ್ಷದ ನಂತರ ಅವರೂ ತೀರಿಕೊಂಡರು. ತಂದೆ ಅಷ್ಟು ವರ್ಷ ಮಲಗಿದ್ದ ಗುಂಡಿ ಇದ್ದದ್ದು ಗ್ವಾದಲಹಾರ ಊರಿನ ಸ್ಮಶಾನದಲ್ಲಿ, ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ.